ಎರಡು ದಿನದ ಕಿನ್ನಾಳ ಶಿಬಿರ, ಜೊತೆಗೆ ಸದಸ್ಯರ ಪ್ರದರ್ಶನ: ಕರಡು ನೋಡಿ ತಿದ್ದಿಕೊಡಿ

ಸಂಚಾಲಕ, ಕೊಪ್ಪಳ

ನಮ್ಮ ಕಲಾ ಬಳಗದ ಮುಂದಿನ ಕಾರ್ಯಕ್ರಮದ ಕರಡು ಇದು. ತಪ್ಪಿದ್ದರೆ ಮುಲಾಜಿಲ್ಲದೆ ಹೇಳಿ.

ಮೇ ತಿಂಗಳ ಎರಡನೇ ಶನಿವಾರ, ಭಾನುವಾರ ನಮ್ಮ ಜಿಲ್ಲೆಯ ಕಿನ್ನಾಳ ಊರಿನ ಪದ್ಧತಿಯ ಮರದ ಗೊಂಬೆ ಶಿಬಿರ. 24 ಸದಸ್ಯರು ಹೆಸರು ಕೊಟ್ಟಿದ್ದಾರೆ. ಒಬ್ಬರಿಗೆ ಒಂದು ಗಿಳಿ, ಆರಿಂಚು ಎತ್ತರ. ಮೈ, ಎರಡು ರೆಕ್ಕೆ, ಬಾಲ, ಪೀಠ ಇಷ್ಟನ್ನೂ ಬಡಗಿಯಿಂದ ಮೊದಲೇ ಕೆತ್ತಿಸಿಡುವುದು. ಶನಿವಾರ ಬೆಳಿಗ್ಗೆ ಜೋಡಣೆ ಮತ್ತು ಕಿಟ್ಟ (ಮರಕ್ಕೆ ಮೆತ್ತುವ ಗೋಣಿ ನಾರಿನ ಮುದ್ದೆ), ಮಧ್ಯಾಹ್ನ ಬಟ್ಟೆ ಅಂಟಿಸಿ ಬಿಳಿ ಬಳಿಯುವುದು. ಭಾನುವಾರ ಬಣ್ಣ, ವಾರ್ನಿಶ್. ಸಂಜೆ ಐದಕ್ಕೆ ಅದೇ ಸಭಾಂಗಣದಲ್ಲಿ ಸದಸ್ಯರ ಚಿತ್ರಗಳ ಜೊತೆ ಗಿಳಿಗಳನ್ನೂ ಇಟ್ಟು ಪ್ರದರ್ಶನ.

ಹೋದ ಸಲದ ಗೊಂಬೆಗಳಲ್ಲಿ ಅರ್ಧಕ್ಕರ್ಧ ವಾರದೊಳಗೆ ಬಿಳಿ ಬಿರಿದು ಚಕ್ಕೆ ಎದ್ದವು. ಕಾರಣ ಬಲ್ಲವರು ಹೇಳಿದರೆ ಸಾಮಾನು ಅದರಂತೆ ತರಿಸುತ್ತೇನೆ.

ಕಿಟ್ಟದ ಕೈ, ಕಿನ್ನಾಳ

ಸಾಮಾನು ಬದಲು ಮಾಡೂದು ಬ್ಯಾಡ್ರಿ ಸರ. ಕಾರಣ ನಿಮ್ಮ ವೇಳಾಪಟ್ಟಿಯೊಳಗ ಐತಿ. ಮೇ ತಿಂಗಳು, ಎರಡು ದಿನ. ಇವೆರಡೂ ತಪ್ಪು.

ಕೆಲಸ ಹೆಂಗ ಕೂಡ್ತೈತಿ ನೋಡ್ರಿ. ಹಗುರ ಮರದ ತುಂಡುಗಳನ್ನ ಹುಣಸಿಬೀಜದ ಸರಿಯೊಳಗ, ಅಂದ್ರ ಕುದಿಸಿದ ಅಂಟಿನೊಳಗ, ಕಲ್ಲಿನ ಪುಡಿ ಕಲಸಿ ಜೋಡಿಸೂದು. ಅದರ ಮ್ಯಾಲ ಕಿಟ್ಟ. ಹಳೇ ಗೋಣಿ ನೆನೆಸಿ, ಸಣ್ಣಗ ಕತ್ತರಿಸಿ, ಒಣಗಿಸಿ, ಕುಟ್ಟಿ ಪುಡಿ ಮಾಡಿ ಅದೇ ಹುಣಸಿ ಸರಿಯೊಳಗ ನಾದಿದ್ರ ಅದು ಕಿಟ್ಟ. ಮೈತುಂಬ ಕೈಯಿಂದ ಮೆತ್ತಬೇಕು. ಕಿಟ್ಟದ ಮ್ಯಾಲ ಹತ್ತಿಬಟ್ಟಿಯ ಸಣ್ಣ ಸಣ್ಣ ತುಂಡು, ಅದರ ಮ್ಯಾಲ ಕಲ್ಲಿನ ಪುಡಿಯ ಬಿಳಿ, ಕಡೀಕ ಬಣ್ಣ. ಪ್ರತಿಯೊಂದು ಪದರಾನೂ ನೀರಿನ ಸಾಮಾನು. ಒಳಗಿನದು ಹಸಿ ಇದ್ದಾಗ ಮೇಲಿನದು ಒಣಗಿ ಗಟ್ಟಿ ಆದ್ರ, ಆಮ್ಯಾಲ ಒಳಗಿನದು ಒಣಗುವಾಗ ಕುಗ್ಗಿ ಮೇಲಿನದನ್ನ ಸೀಳ್ತೈತಿ. ನಿಮ್ಮ ಗೊಂಬಿ ಬಿರಿದದ್ದು ಹಿಂಗ.

ಮೇ ತಿಂಗಳ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟ್ತೈತಿ. ಮುಟ್ಟಿ ನೋಡಿದ್ರ ಒಂದು ತಾಸಿನೊಳಗ ಒಣಗಿದಂಗ ಕಾಣ್ತೈತಿ, ಒಳಗ ಇನ್ನೂ ತಂಪು. ಪರೀಕ್ಷೆ ಸರಳ ಐತಿ: ಗೊಂಬಿ ಗಲ್ಲಕ್ಕ ಹಿಡೀರಿ. ತಂಪು ಹತ್ತಿತು ಅಂದ್ರ ಒಳಗ ನೀರು ಐತಿ, ಮುಂದಿನ ಪದರ ಹಚ್ಚಬ್ಯಾಡ್ರಿ. ಕಿಟ್ಟ ಒಂದು ಕಾಳಿನಷ್ಟು ದಪ್ಪ ಇದ್ರೂ ನೆರಳಿನಾಗ ನಾಕೈದು ದಿನ ಬೇಕು.

ಕಾರ್ತೀಕ ಸುರು ಆದ ಮ್ಯಾಲ ಇಟ್ಟುಕೊಳ್ರಿ. ನವೆಂಬರದಿಂದ ಫೆಬ್ರವರಿ ಮಟ ಹವಾ ಒಣ, ಬಿಸಿಲು ಮೆತ್ತಗ. ಮಳಿಗಾಲದಾಗ ಮತ್ತೊಂದು ಕಾಟ, ಕಿಟ್ಟಕ್ಕ ಬೂಸಲು ಬರ್ತೈತಿ.

ಡ್ರಾಯಿಂಗ್ ಟೀಚರ್, ಗಂಗಾವತಿ

ಮೇಲಿನವರ ಮಾತಿಗೆ ನನ್ನದೂ ಸಹಿ. ಎರಡು ದಿನವನ್ನು ನಾಲ್ಕು ಭಾನುವಾರ ಮಾಡಿ. ಒಟ್ಟು ತಾಸು ಅಷ್ಟೇ ಆಗುತ್ತದೆ, ಒಣಗುವುದಕ್ಕೆ ನಡುವೆ ವಾರ ಸಿಗುತ್ತದೆ.

ಹುಣಸೆ ಸರಿಯ ಅಳತೆ ಬರೆದುಕೊಳ್ಳಿ. ಒಂದು ಕೆಜಿ ಬೀಜ ಹುರಿದು ಸಿಪ್ಪೆ ತೆಗೆದರೆ ಬಿಳಿ ತಿರುಳು ಸುಮಾರು 600 ಗ್ರಾಂ ಉಳಿಯುತ್ತದೆ. ಕಂದು ಸಿಪ್ಪೆ ಚೂರೂ ಉಳಿಯಬಾರದು, ಉಳಿದರೆ ಸರಿ ಕೆಂಪಾಗಿ ಬಿಳಿಯ ಮೇಲೆ ಕಲೆ ಮೂಡುತ್ತದೆ. ಬೀಜ ಕಪ್ಪಾಗುವಷ್ಟು ಹುರಿಯಬೇಡಿ, ಅಂಟು ಸಾಯುತ್ತದೆ. ಸಿಪ್ಪೆ ಸಿಡಿದು ಬಿಟ್ಟುಕೊಂಡರೆ ಸಾಕು. ತಿರುಳನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ನುಣ್ಣಗೆ ರುಬ್ಬಿ. ಒಣ ತಿರುಳಿನ ಒಂದು ಪಾಲಿಗೆ ನೀರು ಹತ್ತು ಪಾಲು. ಹಿಟ್ಟನ್ನು ತಣ್ಣೀರಿನಲ್ಲೇ ಕದಡಿ, ಆಮೇಲೆ ಒಲೆಗಿಡಿ. ಕುದಿಯುವ ನೀರಿಗೆ ಹಿಟ್ಟು ಸುರಿದರೆ ಗಂಟು ಕಟ್ಟುತ್ತದೆ, ಮತ್ತೆ ಒಡೆಯುವುದಿಲ್ಲ. ಸಣ್ಣ ಉರಿಯಲ್ಲಿ ಅರ್ಧ ತಾಸು, ಕೈ ಬಿಡದೆ ತಿರುವಬೇಕು. ಜೋಳದ ಅಂಬಲಿ ಆರಿ ಗಟ್ಟಿಯಾದಾಗ ಹೇಗಿರುತ್ತದೋ ಆ ಹದ. ಬಟ್ಟೆಯಲ್ಲಿ ಸೋಸಿ. ಇಷ್ಟರಲ್ಲಿ ಸುಮಾರು ಆರು ಲೀಟರ್ ಸಿಗುತ್ತದೆ. 24 ಜನಕ್ಕೆ ಜೋಡಣೆ, ಕಿಟ್ಟ, ಬಟ್ಟೆ ಮೂರಕ್ಕೂ ಆಯಿತು.

ಆದರೆ ಒಂದೇ ಸಲ ಆರು ಲೀಟರ್ ಮಾಡಿಡಬೇಡಿ. ಎರಡನೇ ದಿನಕ್ಕೆ ಹುಳಿ ವಾಸನೆ, ಮೂರನೇ ದಿನಕ್ಕೆ ನೀರಾಗಿ ಒಡೆಯುತ್ತದೆ. ಒಡೆದ ಸರಿಗೆ ಅಂಟಿಲ್ಲ, ಚೆಲ್ಲಬೇಕು. ಪುಸ್ತಕ ಕಟ್ಟುವವರು ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುವ ರೂಢಿಯಿದೆ, ಅದು ಇಲ್ಲೂ ನಡೆಯುತ್ತದೆ. ಆದರೆ ಅದು ವಿಷ. ಶಿಬಿರದಲ್ಲಿ ಮಕ್ಕಳಿದ್ದರೆ ಬೇಡವೇ ಬೇಡ, ಆಯಾ ಭಾನುವಾರಕ್ಕೆ ಬೇಕಾದಷ್ಟನ್ನು ಹಿಂದಿನ ರಾತ್ರಿ ಮಾಡಿಕೊಂಡರೆ ಸಾಕು. ಅಡುಗೆ ಮನೆಯ ಪಾತ್ರೆ ಬಳಸಿದರೆ ಅದೇ ದಿನ ತಿಕ್ಕಿಬಿಡಿ. ಒಣಗಿ ಹಿಡಿದರೆ ತಳ ಕೆರೆಯುವುದೇ ಒಂದು ಕೆಲಸ.

ಪೇಂಟಿಂಗ್ ಕಂತ್ರಾಟು, ಸಿಂಧನೂರು

ಇಷ್ಟೆಲ್ಲ ಯಾಕ್ರೀ? ಜೋಡಣೆಗೆ ಫೆವಿಕಾಲ್, ಬಿಳಿಗೆ ಗೋಡೆಯ ಪುಟ್ಟಿ. ಎರಡು ದಿನ ಬ್ಯಾಡ, ಒಂದೇ ದಿನದಾಗ ಮುಗೀತೈತಿ. ನೋಡೋರಿಗೆ ಮ್ಯಾಲಿನ ಬಣ್ಣ ಕಾಣ್ತೈತಿ ಅಷ್ಟ.

ಕಿಟ್ಟದ ಕೈ, ಕಿನ್ನಾಳ

ಅಣ್ಣಾರ, ಜೋಡಣೆಗೆ ಫೆವಿಕಾಲ್ ನಾ ಬ್ಯಾಡ ಅನ್ನಂಗಿಲ್ಲ. ಮರಕ್ಕ ಮರ ಚಲೋ ಹಿಡೀತೈತಿ, ಈಗ ಭಾಳ ಮಂದಿ ಅದನ್ನ ಹಚ್ತಾರ. ಪುಟ್ಟಿ ಮಾತ್ರ ಬ್ಯಾಡ. ಬಿಳಿ ಸಿಮೆಂಟಿನ ಪುಟ್ಟಿ ಅಲುಗದ ಗೋಡಿಗೆ ಮಾಡಿದ್ದು. ಮರ ಮಳಿಗಾಲಕ್ಕ ಉಬ್ಬತೈತಿ, ಬ್ಯಾಸಿಗಿಗೆ ಕುಗ್ಗತೈತಿ. ಪುಟ್ಟಿ ಅದರ ಜೊತಿ ಹೋಗಂಗಿಲ್ಲ, ರೆಕ್ಕಿ ಕೂಡೂ ಜಾಗದಾಗ ಮೊದಲು ಗೆರಿ ಬೀಳ್ತೈತಿ. ಸಿಮೆಂಟಿನ ಸುಣ್ಣದ ಗುಣಕ್ಕ ಕೆಲವು ಬಣ್ಣ ಸುಟ್ಟು ಮಂಕಾಗ್ತಾವು. ಇನ್ನೊಂದು, ಗೊಂಬಿ ಮೈಮ್ಯಾಲ ಉಬ್ಬಿ ಕಾಣೂ ಒಡವಿ ಪುಟ್ಟಿಯಿಂದ ಎತ್ತಿ ಬಿಡಿಸಾಕ ಆಗಂಗಿಲ್ಲ, ಎಳಿ ಹರೀತೈತಿ.

ಕಿಟ್ಟ, ಬಟ್ಟಿ ಯಾಕ ಇದಾವು ಅಂದ್ರ ಇದಕ್ಕ. ಮರ ಒಂದು ಕೂದಲೆಳಿಯಷ್ಟು ಅಲುಗಿದ್ರ ನಾರು ಅದನ್ನ ತಡಕೊಂತೈತಿ, ಬಿಳಿಗೆ ಗೊತ್ತಾಗಂಗಿಲ್ಲ. ಗರುಡನಂಥ ದೊಡ್ಡ ವಾಹನ ಇಪ್ಪತ್ತಕ್ಕೂ ಹೆಚ್ಚು ತುಂಡಿನಿಂದ ಕೂಡಿಸ್ತಾರ, ಜಾತ್ರಿಯೊಳಗ ಹೆಗಲ ಮ್ಯಾಲ ಕುಣೀತೈತಿ. ಅದು ಬಿಚ್ಚದ ನಿಲ್ಲೂದು ಒಳಗಿನ ನಾರಿನಿಂದ.

ಡ್ರಾಯಿಂಗ್ ಟೀಚರ್, ಗಂಗಾವತಿ

ಬಟ್ಟೆಯ ಬಗ್ಗೆ: ಹೊಸ ಬಟ್ಟೆ ತರಬೇಡಿ, ಗಂಜಿ ಇರುತ್ತದೆ, ಸರಿ ಒಳಗಿಳಿಯುವುದಿಲ್ಲ. ಹತ್ತಾರು ಸಲ ಒಗೆದ ಧೋತರ ಅಥವಾ ಹಳೇ ಹತ್ತಿ ಸೀರೆ ಚೆನ್ನ. ಎರಡು ಬೆರಳಗಲದ ತುಂಡು, ಒಂದರ ಅಂಚು ಇನ್ನೊಂದರ ಮೇಲೆ ಕಾಲಿಂಚು ಬರುವಂತೆ. ಕೊಕ್ಕು, ಕುತ್ತಿಗೆ ತಿರುವಿನಲ್ಲಿ ಇನ್ನೂ ಚಿಕ್ಕ ತುಂಡು. ಬಟ್ಟೆಯಡಿ ಗಾಳಿ ಉಳಿದರೆ ಆ ಜಾಗ ಬಡಿದಾಗ ಟೊಳ್ಳು ಸದ್ದು ಕೊಡುತ್ತದೆ. ಅಲ್ಲೇ ಬ್ಲೇಡಿನಿಂದ ಸೀಳಿ ಸರಿ ತುಂಬಿ ಒತ್ತಿ, ಬಿಳಿ ಹಚ್ಚಿದ ಮೇಲೆ ಸರಿಪಡಿಸಲು ಬರುವುದಿಲ್ಲ.

ಬಿಳಿಗೆ ಕಲ್ಲಿನ ಪುಡಿ ವಸ್ತ್ರಗಾಳಿತ ಆಗಿರಬೇಕು. ಹಿಟ್ಟಿನ ಜರಡಿ ಸಾಲದು. ಗೋಂದಿನ ನೀರು ಬೇರೆ ಮಾಡಿಕೊಂಡು ಪುಡಿಗೆ ಸ್ವಲ್ಪ ಸ್ವಲ್ಪ ಹಾಕುತ್ತ ಹಾಲಿನ ಕೆನೆಯ ಹದಕ್ಕೆ ತನ್ನಿ. ಮೊದಲು ಒಂದು ಮರದ ಚೂರಿನ ಮೇಲೆ ಹಚ್ಚಿ ಮರುದಿನ ಹೆಬ್ಬೆರಳಿನಿಂದ ಉಜ್ಜಿ ನೋಡಿ. ಬೆರಳಿಗೆ ಸುಣ್ಣದಂತೆ ಬಂದರೆ ಗೋಂದು ಕಮ್ಮಿ. ಮೇಲ್ಮೈ ಹೊಳೆದು ಸಣ್ಣ ಬಲೆಯಂತೆ ಗೆರೆ ಬಿದ್ದರೆ ಗೋಂದು ಹೆಚ್ಚು. ಎರಡೂ ಇಲ್ಲದಿದ್ದರೆ ಆ ಅಳತೆಯನ್ನೇ ಡಬ್ಬಿಯ ಮೇಲೆ ಬರೆದು ಅಂಟಿಸಿ. ದಪ್ಪ ಒಂದು ಪದರ ಹಚ್ಚುವುದಕ್ಕಿಂತ ತೆಳ್ಳಗೆ ನಾಲ್ಕು, ಒಂದು ಅಡ್ಡ ಒಂದು ಉದ್ದ. ಒಣಗಿದ ಮೇಲೆ 220 ನಂಬರಿನ ಸ್ಯಾಂಡ್ ಪೇಪರ್, ಆಮೇಲೆ 320.

ಒಂದು ಎಚ್ಚರಿಕೆ. ಕಲ್ಲನ್ನು ಶಿಬಿರದಲ್ಲೇ ಕುಟ್ಟಿಸಬೇಡಿ. ಬೆಣಚುಕಲ್ಲಿನ ಧೂಳು ಪುಪ್ಪುಸಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಪುಡಿ ತರಿಸಿ, ತಿಕ್ಕುವುದನ್ನು ಹೊರಗೆ ಗಾಳಿಯಲ್ಲಿ ಮಾಡಿಸಿ, ಎನ್-95 ಮಾಸ್ಕ್ ಕೊಡಿ. ಬಾಯಿಗೆ ಟವೆಲ್ ಕಟ್ಟಿದರೆ ಸಾಲದು. ಗೋಣಿ ನಾರು ಕುಟ್ಟುವಾಗಲೂ ಅಷ್ಟೇ.

ಸಂಚಾಲಕ, ಕೊಪ್ಪಳ

ಅರ್ಥವಾಯಿತು, ಮೇ ಕೈಬಿಟ್ಟೆ. ಜನವರಿ ಆದರೆ? ಒಡವೆ ಎತ್ತಿ ಬಿಡಿಸುವುದನ್ನು ಹೊಸಬರಿಂದ ಮಾಡಿಸಬಹುದೇ?

ಕಿಟ್ಟದ ಕೈ, ಕಿನ್ನಾಳ

ಜನವರಿಯೊಳಗ ಬನದ ಹುಣ್ಣಿಮಿ ಆಸುಪಾಸು ಗವಿಮಠದ ಜಾತ್ರಿ. ಆಗ ಊರಾಗ ಸಭಾಂಗಣಾನೂ ಸಿಗಂಗಿಲ್ಲ, ನಿಮ್ಮ ಸದಸ್ಯರೂ ಸಿಗಂಗಿಲ್ಲ. ಮಾರ್ಚಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ದೀಪಾವಳಿ ಮುಗಿದ ಮ್ಯಾಲ ನಾಕು ಭಾನುವಾರ ಹಿಡೀರಿ.

ಒಡವಿ ಬಿಡಿಸೂದು ಹೊಸಬರಿಗೆ ಬರ್ತೈತಿ, ದೊಡ್ಡದು ಬ್ಯಾಡ. ಬಿಳಿಗಿಂತ ತುಸು ಗಟ್ಟಿ ಹದ, ಗೋಂದು ತುಸು ಜಾಸ್ತಿ. ಕುಂಚ ಗೊಂಬಿಗೆ ತಾಗಬಾರದು, ತುದಿಯಿಂದ ಹನಿ ಎಳಿಯಾಗಿ ಇಳೀಬೇಕು. ಕೈ ನಡುಗೋರಿಗೆ ಮೆಹೆಂದಿ ಕೋನ್ ಕೊಡ್ರಿ, ನಮ್ಮ ಹಿರೇರು ನಗಬಹುದು, ನಗಲಿ. ಮೊದಲು ಚುಕ್ಕಿ ಸಾಲು, ಆಮ್ಯಾಲ ಎಳಿ. ಚುಕ್ಕಿ ಮ್ಯಾಲ ಬಾಲ ಎದ್ದು ನಿಂತ್ರ ಸಾಮಾನು ಗಟ್ಟಿ ಆತು, ಎರಡು ಹನಿ ಗೋಂದಿನ ನೀರು ಹಾಕ್ರಿ. ಚುಕ್ಕಿ ಹರಡಿ ಚಪ್ಪಟಿ ಆದ್ರ ತೆಳು ಆತು, ಪುಡಿ ಹಾಕ್ರಿ. ಇದನ್ನ ಸ್ಯಾಂಡ್ ಪೇಪರ್ ಹಚ್ಚಿ ಮುಗಿದ ಮ್ಯಾಲ ಮಾಡೂದು. ಮೊದಲ ಮಾಡಿದ್ರ ತಿಕ್ಕುವಾಗ ಸರ ಹರೀತಾವು.

ಬಣ್ಣಕ್ಕ ಅಕ್ರಿಲಿಕ್ ನಡೀತೈತಿ. ಪೋಸ್ಟರ್ ಕಲರ್ ಮ್ಯಾಲ ನೀರಿನ ವಾರ್ನಿಶ್ ಹಚ್ಚಿದ್ರ ಕೆಂಪು ಹೋಗಿ ಹಸುರಿಗೆ ಕೂಡ್ತೈತಿ, ಗಿಳಿ ಕಾಗಿ ಆಗ್ತೈತಿ.

ಫ್ರೇಮ್ ಅಂಗಡಿ, ಬಳ್ಳಾರಿ

ಪ್ರದರ್ಶನದ ಕಡೆ ಯಾರೂ ಬರಲಿಲ್ಲ, ನಾನು ಹೇಳುತ್ತೇನೆ. ಸಭಾಂಗಣದ ಗೋಡೆಗೆ ಮೊಳೆ ಹೊಡೆಯಲು ಬಿಡುತ್ತಾರಾ ಅಂತ ಮೊದಲು ಲಿಖಿತದಲ್ಲಿ ಕೇಳಿ. ಬಹಳ ಕಡೆ ಬಿಡುವುದಿಲ್ಲ, ಆಗ ಕಬ್ಬಿಣದ ಜಾಲರಿ ಪ್ಯಾನೆಲ್ ಬಾಡಿಗೆ ತರಬೇಕು. ಪ್ಯಾನೆಲ್ ಒಂದೇ ಸಾಲಾಗಿ ನಿಲ್ಲಿಸಿದರೆ ಫ್ಯಾನಿನ ಗಾಳಿಗೇ ವಾಲುತ್ತದೆ. ಎರಡೆರಡು ಕೂಡಿಸಿ ಇಂಗ್ಲಿಷಿನ ಎಲ್ ಆಕಾರದಲ್ಲಿ ಮೂಲೆ ಕಟ್ಟಿ.

ತೂಕ ಲೆಕ್ಕ ಹಾಕಿಕೊಳ್ಳಿ. 2 ಮಿಮೀ ಗಾಜು ಚದರ ಮೀಟರಿಗೆ 5 ಕೆಜಿ. 22 ಇಂಚು 30 ಇಂಚಿನ ಪೂರ್ಣ ಹಾಳೆಯ ಅಳತೆಗೆ ಗಾಜೇ ಎರಡು ಕೆಜಿ ದಾಟುತ್ತದೆ, ಮೌಂಟ್ (ಚಿತ್ರದ ಸುತ್ತಿನ ರಟ್ಟು), ಕಟ್ಟು, ಹಿಂದಿನ ಹಲಗೆ ಸೇರಿದರೆ ನಾಲ್ಕರ ಹತ್ತಿರ. ಇದಕ್ಕೆ ಹೊಲಿಗೆ ದಾರ, ಸೆಲ್ಲೋಟೇಪು ಕಟ್ಟಿಕೊಂಡು ಬರುವ ಸದಸ್ಯರು ಪ್ರತಿ ಪ್ರದರ್ಶನದಲ್ಲೂ ಇದ್ದೇ ಇರುತ್ತಾರೆ. ಕಟ್ಟಿನ ಹಿಂದೆ ಮೇಲಿನಿಂದ ಮೂರನೇ ಒಂದು ಪಾಲು ಕೆಳಗೆ ಎರಡೂ ಬದಿಗೆ ಇಂಗ್ಲಿಷಿನ ಡಿ ಆಕಾರದ ಬಳೆ, ನಡುವೆ ಹೆಣೆದ ನೈಲಾನ್ ಹಗ್ಗ. ಬಳೆಯನ್ನು ಅರ್ಧಕ್ಕಿಂತ ಕೆಳಗೆ ಹಾಕಿದರೆ ಚಿತ್ರ ಮುಂದಕ್ಕೆ ಬಾಗುತ್ತದೆ. ಒಂದು ಕೊಕ್ಕೆ ಬದಲು ಎರಡು ಕೊಕ್ಕೆ ಹಾಕಿದರೆ ಜನ ತಾಗಿದಾಗಲೂ ಓರೆ ಆಗುವುದಿಲ್ಲ.

ಎತ್ತರ: ಪ್ರತಿ ಚಿತ್ರದ ನಡುಬಿಂದು ನೆಲದಿಂದ 58 ಇಂಚಿಗೆ ಬರಲಿ. ಮೇಲಂಚು ಸಾಲಾಗಿಸಲು ಹೋಗಬೇಡಿ, ದೊಡ್ಡದು ಚಿಕ್ಕದು ಸೇರಿದಾಗ ಕಣ್ಣು ಎಡವುತ್ತದೆ. ಚಿತ್ರಕ್ಕೆ ಚಿತ್ರ ಆರಿಂಚಾದರೂ ಬಿಡಿ. ಎಲ್ಲರೂ ತಲಾ ಮೂರು ಕೊಟ್ಟರೆ ಮದುವೆ ಮನೆಯ ಉಡುಗೊರೆ ರಾಶಿ ಆದೀತು. ತಲಾ ಎರಡು ಸಾಕು.

ನೀರುಬಣ್ಣದ ಚಿತ್ರ ಗಾಜಿಗೆ ಅಂಟಿ ಕೂರಬಾರದು, ನಡುವೆ ಮೌಂಟಿನ ದಪ್ಪ ಇರಲೇಬೇಕು. ಮಳೆಗಾಲದ ತೇವಕ್ಕೆ ಬಣ್ಣ ಗಾಜಿಗೆ ಹಿಡಿಯುತ್ತದೆ, ಬಿಡಿಸಲು ಹೋದರೆ ಅರ್ಧ ಚಿತ್ರ ಗಾಜಿನ ಮೇಲೆ.

ತೊಗಲುಗೊಂಬೆ ಆಸಕ್ತ, ಬಳ್ಳಾರಿ

ತೊಗಲುಗೊಂಬೆ ಕಲಾವಿದ ಬೆಳಗಲ್ಲು ವೀರಣ್ಣನವರ ಊರಿನವರು ನಾವು, ಕೊಪ್ಪಳದ ಪ್ರದರ್ಶನಕ್ಕೆ ಎರಡು ತೊಗಲುಗೊಂಬೆ ಕಳಿಸಬಹುದು. ಒಂದೇ ಕರಾರು, ಗಾಜಿನ ಕಟ್ಟಿನಲ್ಲಿ ಗೋಡೆಗೆ ಒತ್ತಿ ಇಡಬೇಡಿ. ತೊಗಲಿನ ಬಣ್ಣ ಹಿಂದಿನಿಂದ ಬೆಳಕು ಬಂದಾಗ ಮಾತ್ರ ಬಣ್ಣ, ಇಲ್ಲದಿದ್ದರೆ ಕಂದು ಚರ್ಮ. ಬಿಳಿ ಪಂಚೆ ಬಿಗಿದು, ಅದರ ಹಿಂದೆ ಎರಡಡಿ ಬಿಟ್ಟು ಎಲ್ಇಡಿ ಬಲ್ಬು. ಹಳೇ ಹ್ಯಾಲೊಜೆನ್ ದೀಪ ಇಟ್ಟರೆ ಶಾಖಕ್ಕೆ ಕೈ, ಮೂಗು ಸುರುಳಿ ಸುತ್ತುತ್ತವೆ. ಪ್ರದರ್ಶನ ಮುಗಿದ ಮೇಲೆ ಕಾಗದದ ನಡುವೆ ಮಟ್ಟಸವಾಗಿ ಮಲಗಿಸಿ, ಸುತ್ತಿಡಬೇಡಿ.

ಖಜಾಂಚಿ, ರಾಯಚೂರು

ನಮ್ಮ ಕಡೆಯ ಬಳಗದ ಅನುಭವದಿಂದ ಲೆಕ್ಕದ ಮಾತು. ನಿಮ್ಮದು ನೋಂದಣಿ ಆಗಿದೆಯಾ? 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸಹಿ ಹಾಕಿದರೆ ಸಂಘ ಆಗುತ್ತದೆ. ಆಮೇಲೆ ಪ್ರತಿ ವರ್ಷ ಸರ್ವಸದಸ್ಯರ ಸಭೆ ಮಾಡಿ ಆಡಳಿತ ಮಂಡಳಿಯ ಪಟ್ಟಿ, ಲೆಕ್ಕಪತ್ರ ಸಲ್ಲಿಸಬೇಕು. ಇಲ್ಲೇ ಎಲ್ಲರೂ ಮರೆಯುವುದು. ನಾಲ್ಕು ವರ್ಷ ಬಿಟ್ಟು ಅನುದಾನಕ್ಕೆ ಅರ್ಜಿ ಹಾಕುವಾಗ ನೆನಪಾಗುತ್ತದೆ. ಬ್ಯಾಂಕ್ ಖಾತೆ ಸಂಘದ ಹೆಸರಲ್ಲಿ, ಇಬ್ಬರ ಸಹಿ.

ಚಿತ್ರ ಮಾರಾಟವಾದರೆ ಬಳಗಕ್ಕೆ ಎಷ್ಟು ಪಾಲು ಅನ್ನುವುದನ್ನು ಚಿತ್ರ ತೆಗೆದುಕೊಳ್ಳುವ ರಸೀದಿಯಲ್ಲೇ ಬರೆಯಿರಿ. ಅರ್ಧ ದುಡ್ಡು ಕೈಗೆ ಬಂದ ಮೇಲೆ, ಮಾರಾಟವಾಯಿತು ಅನ್ನುವ ಕೆಂಪು ಚುಕ್ಕಿ ಅಂಟಿಸಿ. ಮುಖ್ಯ ಅತಿಥಿ ಬಾಯಿಮಾತಿನಲ್ಲಿ 'ಇದು ನನಗಿರಲಿ' ಅಂದದ್ದಕ್ಕೆ ಚುಕ್ಕಿ ಅಂಟಿಸಿದರೆ ಚಿತ್ರವೂ ಹೋಗಲ್ಲ, ಬೇರೆ ಗಿರಾಕಿಯೂ ಬರಲ್ಲ.

ಇನ್ನೊಂದು ಕೇಳಲೇಬೇಕು. ಕಿನ್ನಾಳದಿಂದ ಕಲಿಸಲು ಬರುವವರಿಗೆ ಏನು ಕೊಡುತ್ತೀರಿ? ಶಾಲು, ಹಾರ, ಹಣ್ಣಿನ ಬುಟ್ಟಿ ಅಂತ ಬರೆದಿದ್ದರೆ ಹೊಡೆದುಹಾಕಿ. ನಾಲ್ಕು ಭಾನುವಾರದ ದಿನಗೂಲಿ, ಹೋಗಿಬರುವ ಖರ್ಚು, ಅವರು ತರುವ ಸಾಮಾನಿನ ಬೆಲೆ. ಇದು ಬಜೆಟ್ಟಿನ ಮೊದಲ ಸಾಲು ಆಗಬೇಕು, ಫ್ಲೆಕ್ಸು ಕೊನೆಯ ಸಾಲು.

ಡ್ರಾಯಿಂಗ್ ಟೀಚರ್, ಗಂಗಾವತಿ

ಇದಕ್ಕೆ ಸೇರಿಸುವುದು: ಶಿಬಿರದ ಗಿಳಿಗಳನ್ನು 'ಕಿನ್ನಾಳ ಗೊಂಬೆ' ಅಂತ ಚೀಟಿ ಹಚ್ಚಿ ಮಾರಬೇಡಿ. ಆ ಹೆಸರಿಗೆ ಭೌಗೋಳಿಕ ಗುರುತು ಇದೆ, ಅದು ಅಲ್ಲಿನ ಚಿತ್ರಗಾರರ ಹೊಟ್ಟೆಪಾಡು. 'ಕಿನ್ನಾಳ ಪದ್ಧತಿಯ ಅಭ್ಯಾಸ, ಮಾರಾಟಕ್ಕಿಲ್ಲ' ಅಂತ ಬರೆಯಿರಿ. ಪಕ್ಕದಲ್ಲೇ ಒಂದು ಮೇಜು ಹಾಕಿ ಅವರದೇ ಗೊಂಬೆ ಇಟ್ಟು ಮಾರಲು ಬಿಡಿ, ಆ ಮೇಜಿನಿಂದ ಬಳಗಕ್ಕೆ ಪಾಲು ಬೇಡ.

ಸಂಚಾಲಕ, ಕೊಪ್ಪಳ

ತಿದ್ದಿದ ಕರಡು. ದೀಪಾವಳಿ ನಂತರದ ಮೊದಲ ಭಾನುವಾರ ಜೋಡಣೆ ಮತ್ತು ಕಿಟ್ಟ. ಎರಡನೆಯದಕ್ಕೆ ಬಟ್ಟೆ, ಗಲ್ಲಕ್ಕೆ ಹಿಡಿದು ತಂಪು ಹೋದ ಮೇಲೆ ಮೊದಲ ತೆಳು ಬಿಳಿ. ಆ ವಾರದಲ್ಲಿ ಉಳಿದ ಮೂರು ಪದರ ಸದಸ್ಯರು ಮನೆಯಲ್ಲೇ, ದಿನ ಬಿಟ್ಟು ದಿನ ಬೆಳಿಗ್ಗೆ. ಮೂರನೆಯದಕ್ಕೆ ಹೊರಗೆ ಕೂತು ತಿಕ್ಕುವುದು, ಮಧ್ಯಾಹ್ನ ಒಡವೆ. ನಾಲ್ಕನೆಯದಕ್ಕೆ ಅಕ್ರಿಲಿಕ್, ಸಂಜೆ ವಾರ್ನಿಶ್. ಐದನೇ ಭಾನುವಾರ ಪ್ರದರ್ಶನ, ತಲಾ ಎರಡು ಚಿತ್ರ, ನಡುಬಿಂದು 58 ಇಂಚು, ಬಳ್ಳಾರಿಯ ತೊಗಲುಗೊಂಬೆಗೆ ಹಿಂಬೆಳಕು. ಕಲಿಸುವವರ ಕೂಲಿ ಮೊದಲ ಸಾಲಿಗೆ ಹೋಯಿತು, ಹಣ್ಣಿನ ಬುಟ್ಟಿ ತೆಗೆದೆ.

ಉಳಿದದ್ದು ಒಂದೇ. ಮೊದಲ ಭಾನುವಾರ ಹಸಿ ಕಿಟ್ಟದ 24 ಗಿಳಿ ಸಭಾಂಗಣದ ಕೋಣೆಯಲ್ಲೇ ವಾರ ಪೂರ್ತಿ ಇರಬೇಕು. ಎಲ್ಲಿಡುವುದು? ಪತ್ರಿಕೆ ಹಾಸಿ ಇಟ್ಟರೆ ಪೀಠದ ತಳ ಕಾಗದಕ್ಕೆ ಅಂಟುತ್ತದೆ.

ಕಿಟ್ಟದ ಕೈ, ಕಿನ್ನಾಳ

ಅಂಟೂದಲ್ಲದ ತಳ ಒಣಗೂದೂ ಇಲ್ಲ. ಪೀಠದ ಅಡಿಗೆ ನಡುವ ಒಂದು ಎರಡಿಂಚಿನ ಸ್ಕ್ರೂ ಅರ್ಧ ಮಟ ತಿರುವಿ ಬಿಡ್ರಿ. ಕೆಲಸ ಮಾಡುವಾಗ ಅದು ಹಿಡಿಕಿ, ಗೊಂಬಿಗೆ ಬೆರಳು ತಾಗಂಗಿಲ್ಲ. ಒಣಗಿಸುವಾಗ ಅದಕ್ಕ ದಾರ ಕಟ್ಟಿ ತಲಿಕೆಳಗ ಮಾಡಿ ತಂತಿಗೆ ತೂಗಿಬಿಡ್ರಿ, ನಾಕೂ ಕಡೆ ಗಾಳಿ ಆಡ್ತೈತಿ. ಗಿಳಿ ಗಿಳಿ ನಡುವ ಒಂದು ಗೇಣು.

ತಂತಿಯ ಎರಡೂ ತುದಿ ಗ್ವಾಡಿಗೆ ಹತ್ತೂ ಜಾಗದಾಗ ತಗಡಿನ ಬಿಲ್ಲಿ ಪೋಣಿಸ್ರಿ, ಹಳೇ ಪೇಂಟ್ ಡಬ್ಬಿ ಮುಚ್ಚಳ ನಡೀತೈತಿ. ಹುಣಸಿಬೀಜದ ಸರಿ ಅಂದ್ರ ಇಲಿಗೆ ಹಬ್ಬದೂಟ. ಒಂದು ರಾತ್ರಿಯೊಳಗ ಕೊಕ್ಕು ತಿಂದು ಹೋಗ್ತಾವು, ಅದೂ ಕೊಕ್ಕನ್ನ ಮೊದಲು.

ಸಂಚಾಲಕ, ಕೊಪ್ಪಳ

ಸ್ಕ್ರೂ 24, ನಾಲ್ಕು ತಂತಿಗೆ ಮುಚ್ಚಳ ಎಂಟು ಬರೆದುಕೊಂಡೆ. ಬಡಗಿಗೆ ಪೀಠದಡಿ ತೂತು ಹಾಕಿಸಲು ಇವತ್ತೇ ಹೇಳುತ್ತೇನೆ.